ಹೈಟಿಯ ಸಂಕಟ: ಪದೇ ಪದೇ ಕೇಳುವ ಪ್ರಶ್ನೆಗಳು

ಹೈಟಿಯ ಹೆಸರು ನಮ್ಮ ಪತ್ರಿಕೆಗಳಲ್ಲಿ ಕಾಣಿಸುವುದು ಭೂಕಂಪವಾದಾಗ, ಅಧ್ಯಕ್ಷರ ಹತ್ಯೆಯಾದಾಗ, ಇಲ್ಲವೇ ಗ್ಯಾಂಗ್‌ಗಳು ರಾಜಧಾನಿಗೆ ಮುತ್ತಿಗೆ ಹಾಕಿದಾಗ ಮಾತ್ರ. ಹೀಗಾಗಿ ಆ ದೇಶ ಹುಟ್ಟಿದಂದಿನಿಂದಲೇ ಕೆಟ್ಟುಹೋಗಿತ್ತು ಎಂಬ ಭಾವನೆ ಓದುಗರಲ್ಲಿ ಉಳಿದುಬಿಡುತ್ತದೆ. ಈ ಬರಹದ ನಿಲುವು ಬೇರೆ. ಹೈಟಿಯ ಸಂಪತ್ತು ಇನ್ನೂರು ವರ್ಷಗಳಿಂದ ಬಂದರಿನ ದಾರಿಯಾಗಿ ಹೊರಗೆ ಹರಿದಿದೆ. ಅಲ್ಲಿ ಅಧಿಕಾರಕ್ಕೆ ಬಂದವರಲ್ಲಿ ಹೆಚ್ಚಿನವರು ಬಂದರಿನ ಕಡೆಗೆ ಮುಖ ಮಾಡಿ, ಹಳ್ಳಿಗಳ ಕಡೆಗೆ ಬೆನ್ನು ತಿರುಗಿಸಿ ಆಳಿದ್ದಾರೆ. ಇಂದಿನ ಹಿಂಸೆ, ಹಸಿವು, ವಲಸೆ ಮೂರಕ್ಕೂ ಮೂಲ ಇದೇ.

ಹೈಟಿ ಎಲ್ಲಿದೆ? ಎಷ್ಟು ದೊಡ್ಡ ದೇಶ?

ಕೆರಿಬಿಯನ್ ಸಮುದ್ರದಲ್ಲಿ ಕ್ಯೂಬಾದ ಪೂರ್ವಕ್ಕೆ ಹಿಸ್ಪಾನಿಯೋಲ ಎಂಬ ದ್ವೀಪವಿದೆ. ಅದರ ಪಶ್ಚಿಮದ ಮೂರನೇ ಒಂದು ಭಾಗ ಹೈಟಿ, ಉಳಿದದ್ದು ಡೊಮಿನಿಕನ್ ಗಣರಾಜ್ಯ. ಹೈಟಿಯ ವಿಸ್ತೀರ್ಣ ಸುಮಾರು 27,750 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಏಳನೇ ಒಂದು ಭಾಗ. ಜನಸಂಖ್ಯೆ 1.1 ಕೋಟಿಯನ್ನು ಮೀರಿದೆ. ನೆಲದ ಬಹುಪಾಲು ಬೆಟ್ಟಗುಡ್ಡ. ರಾಜಧಾನಿ ಪೋರ್ಟ್-ಔ-ಪ್ರಿನ್ಸ್.

ಈಗ ಅಲ್ಲಿ ನಿಜವಾಗಿ ಏನು ನಡೆಯುತ್ತಿದೆ?

ರಾಜಧಾನಿಯ ಬಹುಭಾಗ ಸಶಸ್ತ್ರ ಗ್ಯಾಂಗ್‌ಗಳ ಹಿಡಿತದಲ್ಲಿದೆ. ಬೇರೆ ಬೇರೆ ಬಡಾವಣೆಗಳನ್ನು ಹಿಡಿದುಕೊಂಡು ಪರಸ್ಪರ ಕಾದಾಡುತ್ತಿದ್ದ ಈ ಗುಂಪುಗಳು ‘ವಿವ್ ಅನ್ಸಾಂ’ ಎಂಬ ಒಕ್ಕೂಟದಡಿ ಒಂದಾಗಿ, 2024ರ ಫೆಬ್ರವರಿಯ ಕೊನೆಯಲ್ಲಿ ಪೊಲೀಸ್ ಠಾಣೆಗಳು, ವಿಮಾನ ನಿಲ್ದಾಣ ಮತ್ತು ಸರ್ಕಾರಿ ಕಟ್ಟಡಗಳ ಮೇಲೆ ಏಕಕಾಲಕ್ಕೆ ದಾಳಿ ನಡೆಸಿದವು. ಮಾರ್ಚ್ 2ರಂದು ರಾಷ್ಟ್ರೀಯ ಸೆರೆಮನೆಯನ್ನು ಒಡೆದಾಗ ಸಾವಿರಾರು ಕೈದಿಗಳು ಹೊರಬಿದ್ದರು. ಕೆನ್ಯಾ ಪ್ರವಾಸ ಮುಗಿಸಿ ಮರಳುತ್ತಿದ್ದ ಪ್ರಧಾನಿ ಏರಿಯಲ್ ಹೆನ್ರಿ ಅವರಿಗೆ ತಮ್ಮ ದೇಶದಲ್ಲಿ ಇಳಿಯಲಾಗಲಿಲ್ಲ. ಅವರು ಹೊರಗಿದ್ದುಕೊಂಡೇ ರಾಜೀನಾಮೆ ಘೋಷಿಸಬೇಕಾಯಿತು.

ವಿಶ್ವಸಂಸ್ಥೆಯ ಲೆಕ್ಕದಂತೆ 2024ರ ಒಂದೇ ವರ್ಷದಲ್ಲಿ 5,600ಕ್ಕೂ ಹೆಚ್ಚು ಮಂದಿ ಹಿಂಸೆಗೆ ಬಲಿಯಾದರು. ಹಿಂಸೆ ರಾಜಧಾನಿಗೆ ಸೀಮಿತವಾಗಿಯೂ ಉಳಿದಿಲ್ಲ. ಆ ಅಕ್ಟೋಬರ್‌ನಲ್ಲಿ ಅಕ್ಕಿ ಬೆಳೆಯುವ ಅರ್ತಿಬೋನಿತ್ ಪ್ರದೇಶದ ಪೋಂ-ಸೊಂದೆ ಎಂಬ ಊರಿನಲ್ಲಿ ನೂರಕ್ಕೂ ಹೆಚ್ಚು ಜನರನ್ನು ಕೊಂದರು. ಡಿಸೆಂಬರ್‌ನಲ್ಲಿ ರಾಜಧಾನಿಯ ಕಡಲಂಚಿನ ಬಡ ಬಡಾವಣೆ ವಾರ್ಫ್ ಜೆರೆಮಿಯಲ್ಲಿ ಇನ್ನೂರಕ್ಕೂ ಹೆಚ್ಚು ಜನರ ಹತ್ಯೆಯಾಯಿತು, ಅವರಲ್ಲಿ ಅನೇಕರು ವೃದ್ಧರು. 2025ರ ಹೊತ್ತಿಗೆ ಮನೆ ತೊರೆದು ದೇಶದೊಳಗೇ ನಿರಾಶ್ರಿತರಾದವರ ಸಂಖ್ಯೆ 13 ಲಕ್ಷವನ್ನು ದಾಟಿತು, ತೀವ್ರ ಆಹಾರದ ಕೊರತೆ ಅನುಭವಿಸುವವರು ಜನಸಂಖ್ಯೆಯ ಅರ್ಧದಷ್ಟಾದರು. ಶಾಲೆಗಳ ಕೊಠಡಿಗಳಲ್ಲಿ, ಚರ್ಚಿನ ಅಂಗಳಗಳಲ್ಲಿ, ಸರ್ಕಾರಿ ಕಚೇರಿಗಳ ಮೆಟ್ಟಿಲುಗಳ ಮೇಲೆ ಕುಟುಂಬಗಳು ತಿಂಗಳುಗಟ್ಟಲೆ ದಿನ ಕಳೆಯುತ್ತಿವೆ.

ಹೆನ್ರಿ ಅವರ ನಂತರ ದೇಶವನ್ನು ಆಳಿದವರು ಯಾರು? ಚುನಾವಣೆ ಏಕೆ ನಡೆದಿಲ್ಲ?

ಕೊನೆಯ ರಾಷ್ಟ್ರೀಯ ಚುನಾವಣೆ ನಡೆದದ್ದು 2016ರಲ್ಲಿ. ಆಗ ಗೆದ್ದ ಅಧ್ಯಕ್ಷ ಜೊವೆನೆಲ್ ಮೊಯಿಸ್ ಅವರನ್ನು 2021ರ ಜುಲೈ 7ರ ನಸುಕಿನಲ್ಲಿ ಅವರ ಮನೆಯಲ್ಲೇ ಗುಂಡಿಟ್ಟು ಕೊಲ್ಲಲಾಯಿತು. ದಾಳಿಕೋರರ ತಂಡದಲ್ಲಿ ಕೊಲಂಬಿಯಾದ ಮಾಜಿ ಸೈನಿಕರಿದ್ದರು. ಸಂಸತ್ತಿನ ಅವಧಿ ಅದಕ್ಕೂ ಮೊದಲೇ ತೀರುತ್ತಾ ಬಂದಿತ್ತು. 2023ರ ಜನವರಿಯಲ್ಲಿ ಕೊನೆಯ ಹತ್ತು ಸೆನೆಟರ್‌ಗಳ ಅವಧಿಯೂ ಮುಗಿದು, ರಾಷ್ಟ್ರಮಟ್ಟದಲ್ಲಿ ಜನರು ಆರಿಸಿದ ಒಬ್ಬ ಪ್ರತಿನಿಧಿಯೂ ಇಲ್ಲದ ದೇಶವಾಯಿತು ಹೈಟಿ.

ಹೆನ್ರಿ ಅವರ ರಾಜೀನಾಮೆಯ ನಂತರ, ಕೆರಿಬಿಯನ್ ರಾಷ್ಟ್ರಗಳ ಮಧ್ಯಸ್ಥಿಕೆಯಲ್ಲಿ ಒಂಬತ್ತು ಸದಸ್ಯರ ಮಧ್ಯಂತರ ಅಧ್ಯಕ್ಷೀಯ ಮಂಡಳಿಯೊಂದು 2024ರ ಏಪ್ರಿಲ್‌ನಲ್ಲಿ ರಚನೆಯಾಯಿತು. ಅದರ ಅವಧಿಯನ್ನು 2026ರ ಫೆಬ್ರವರಿ 7ರವರೆಗೆ ಎಂದು ನಿಗದಿಪಡಿಸಿ, ಅಷ್ಟರೊಳಗೆ ಚುನಾವಣೆ ನಡೆಸುವ ಹೊಣೆಯನ್ನು ಹೊರಿಸಲಾಗಿತ್ತು. ಮಂಡಳಿ ಮೊದಲು ಗ್ಯಾರಿ ಕೊನಿಲ್ ಅವರನ್ನು ಪ್ರಧಾನಿಯಾಗಿ ನೇಮಿಸಿತು. ಐದಾರು ತಿಂಗಳಲ್ಲೇ ಅವರನ್ನು ಇಳಿಸಿ ಅಲಿಕ್ಸ್ ದಿದಿಯೆ ಫಿಸ್-ಎಮೆ ಅವರನ್ನು ತಂದಿತು. ಮಂಡಳಿಯೊಳಗಿನ ಜಗಳ, ಕೆಲವು ಸದಸ್ಯರ ಮೇಲಿನ ಲಂಚದ ಆರೋಪ, ಇವುಗಳ ನಡುವೆ ಚುನಾವಣೆ ಹಿಂದೆ ಬಿತ್ತು. ಮತಪೆಟ್ಟಿಗೆ ಹೊತ್ತ ವಾಹನ ಬಡಾವಣೆಯಿಂದ ಬಡಾವಣೆಗೆ ಸುರಕ್ಷಿತವಾಗಿ ಸಾಗಲಾರದ ಕಡೆ ಮತದಾನ ನಡೆಸುವುದು ಹೇಗೆ ಎಂಬ ಪ್ರಶ್ನೆ ನಿಜವಾದದ್ದೇ. ಆದರೆ ಚುನಾವಣೆಯನ್ನು ಮುಂದೂಡುವ ಚಾಳಿ ಗ್ಯಾಂಗ್‌ಗಳ ಕಾಲಕ್ಕಿಂತ ಹಳೆಯದು. ಅದನ್ನು ಬರಿಯ ಭದ್ರತೆಯ ಸಮಸ್ಯೆ ಎಂದು ಒಪ್ಪಿಕೊಳ್ಳಲಾಗದು.

ಈ ಗ್ಯಾಂಗ್‌ಗಳು ಎಲ್ಲಿಂದ ಬಂದವು? ಬಂದೂಕುಗಳನ್ನು ಕೊಟ್ಟವರು ಯಾರು?

ಬಡ ಬಡಾವಣೆಗಳ ಯುವಕರ ಕೈಗೆ ಹಣ ಮತ್ತು ಆಯುಧ ಕೊಟ್ಟು ಮತ ಗಳಿಸುವುದು, ಎದುರಾಳಿಯ ಮೆರವಣಿಗೆ ಚದುರಿಸುವುದು, ಸರಕಿನ ದಾಸ್ತಾನು ಕಾಯಿಸುವುದು ಹೈಟಿಯ ರಾಜಕಾರಣಿಗಳು ಮತ್ತು ಕೆಲವು ವ್ಯಾಪಾರಿಗಳು ದಶಕಗಳಿಂದ ಮಾಡಿಕೊಂಡು ಬಂದ ಕೆಲಸ. ‘ವಿವ್ ಅನ್ಸಾಂ’ ಒಕ್ಕೂಟದ ವಕ್ತಾರನಂತೆ ಕಾಣಿಸಿಕೊಳ್ಳುವ ಜಿಮ್ಮಿ ಶೆರಿಜಿಯೆ ಒಂದು ಕಾಲದಲ್ಲಿ ಪೊಲೀಸ್ ಅಧಿಕಾರಿಯಾಗಿದ್ದವನು. ಮಾಜಿ ಅಧ್ಯಕ್ಷ ಮಿಶೆಲ್ ಮಾರ್ತೆಲಿ ಅವರ ಮೇಲೆ ಗ್ಯಾಂಗ್‌ಗಳಿಗೆ ಬೆಂಬಲ ಕೊಟ್ಟ ಆರೋಪದಲ್ಲಿ ಕೆನಡಾ 2022ರಲ್ಲಿ, ಅಮೆರಿಕ 2024ರಲ್ಲಿ ನಿರ್ಬಂಧ ಹೇರಿದವು. ಅಪಹರಣ, ರಸ್ತೆ ಸುಲಿಗೆ ಮತ್ತು ಬಂದರಿನ ಆದಾಯ ಕೈಗೆ ಬಂದಮೇಲೆ ಗ್ಯಾಂಗ್‌ಗಳಿಗೆ ಹಳೆಯ ಯಜಮಾನರ ಹಂಗು ಬೇಕಾಗಲಿಲ್ಲ.

ಹೈಟಿಯಲ್ಲಿ ಬಂದೂಕಿನ ಕಾರ್ಖಾನೆ ಇಲ್ಲ. ಆಯುಧಗಳಲ್ಲಿ ಹೆಚ್ಚಿನವು ಅಮೆರಿಕದಲ್ಲಿ, ಮುಖ್ಯವಾಗಿ ಫ್ಲಾರಿಡಾದಲ್ಲಿ, ಅಂಗಡಿಯಿಂದ ಕೊಂಡವು. ಬಟ್ಟೆಬರೆ, ಆಹಾರ ಪದಾರ್ಥಗಳ ಕಂಟೇನರ್‌ಗಳಲ್ಲಿ ಅಡಗಿ ಅವು ಹೈಟಿ ಸೇರುತ್ತವೆ. ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2022ರಿಂದಲೇ ನಿರ್ಬಂಧಗಳನ್ನು ತಂದಿದ್ದರೂ ಈ ಹರಿವು ನಿಂತಿಲ್ಲ. ಇನ್ನೊಂದು ಸಂಗತಿ ಇದಕ್ಕಿಂತಲೂ ನೋವಿನದು. ಯುನಿಸೆಫ್ ಅಂದಾಜಿನಂತೆ ಸಶಸ್ತ್ರ ಗುಂಪುಗಳ ಸದಸ್ಯರಲ್ಲಿ ಅರ್ಧದವರೆಗೂ ಮಕ್ಕಳೇ ಇದ್ದಾರೆ. ಶಾಲೆ ಮುಚ್ಚಿ, ಮನೆ ಸುಟ್ಟು, ಊಟಕ್ಕೆ ದಾರಿಯಿಲ್ಲದ ಹುಡುಗನಿಗೆ ಆ ಬೀದಿಯಲ್ಲಿ ಕೆಲಸ ಕೊಡುವವರು ಗ್ಯಾಂಗಿನವರು ಮಾತ್ರ. ಈ ಮಕ್ಕಳನ್ನು ಬರಿಯ ಅಪರಾಧಿಗಳ ಪಟ್ಟಿಗೆ ಸೇರಿಸಿ ಕೈತೊಳೆದುಕೊಳ್ಳುವುದು ಅನ್ಯಾಯ.

ಹೈಟಿ ಮೊದಲಿನಿಂದಲೂ ಬಡ ದೇಶವಾಗಿತ್ತೇ?

ಇಲ್ಲ. ‘ಸಂತ್-ದೊಮಿಂಗ್’ ಎಂಬ ಹೆಸರಿನ ಈ ಫ್ರೆಂಚ್ ವಸಾಹತು ಹದಿನೆಂಟನೇ ಶತಮಾನದ ಕೊನೆಯಲ್ಲಿ ಜಗತ್ತಿನ ಅತ್ಯಂತ ಲಾಭದಾಯಕ ವಸಾಹತುಗಳಲ್ಲಿ ಒಂದು. ಯೂರೋಪಿನ ಸಕ್ಕರೆ ಮತ್ತು ಕಾಫಿಯ ದೊಡ್ಡ ಪಾಲು ಇಲ್ಲಿಂದ ಹೋಗುತ್ತಿತ್ತು. ಅದನ್ನು ಬೆಳೆದವರು ಆಫ್ರಿಕಾದಿಂದ ಹೊತ್ತು ತಂದ ಸುಮಾರು ಐದು ಲಕ್ಷ ಗುಲಾಮರು. 1791ರ ಆಗಸ್ಟ್‌ನಲ್ಲಿ ಅವರು ದಂಗೆಯೆದ್ದರು. ಅವರ ನಾಯಕ ತೂಸೆಂ ಲೂವೆರ್ತೂರ್ ಅವರನ್ನು ಮೋಸದಿಂದ ಸೆರೆಹಿಡಿದು ಫ್ರಾನ್ಸಿಗೆ ಒಯ್ಯಲಾಯಿತು, 1803ರಲ್ಲಿ ಚಳಿಗೂಡಾದ ಕೋಟೆಯೊಂದರಲ್ಲಿ ಅವರು ತೀರಿಕೊಂಡರು. ಅದೇ ವರ್ಷದ ನವೆಂಬರ್ 18ರಂದು ವೆರ್ತಿಯೇರ್ ಎಂಬಲ್ಲಿ ನೆಪೋಲಿಯನ್ನನ ಸೈನ್ಯವನ್ನು ಸೋಲಿಸಿ, 1804ರ ಜನವರಿ 1ರಂದು ಜಾನ್-ಜಾಕ್ ದೆಸಾಲೀನ್ ಸ್ವಾತಂತ್ರ್ಯ ಘೋಷಿಸಿದರು. ಗುಲಾಮರೇ ಯುದ್ಧ ಗೆದ್ದು ಕಟ್ಟಿದ ದೇಶ ಚರಿತ್ರೆಯಲ್ಲಿ ಇದೊಂದೇ.

ಈ ಗೆಲುವಿಗೆ ದಂಡ ಕಟ್ಟಬೇಕಾಯಿತು. 1825ರಲ್ಲಿ ಫ್ರಾನ್ಸಿನ ದೊರೆ ಹತ್ತನೇ ಚಾರ್ಲ್ಸ್ ಹದಿನಾಲ್ಕು ಯುದ್ಧನೌಕೆಗಳ ಜೊತೆ ಒಂದು ಆಜ್ಞೆಯನ್ನು ಕಳುಹಿಸಿದ. ಹೈಟಿಯ ಸ್ವಾತಂತ್ರ್ಯವನ್ನು ಮಾನ್ಯಮಾಡಬೇಕಾದರೆ, ತೋಟ ಮತ್ತು ಗುಲಾಮರನ್ನು ಕಳೆದುಕೊಂಡ ಫ್ರೆಂಚ್ ಮಾಲೀಕರಿಗೆ ಪರಿಹಾರವಾಗಿ 15 ಕೋಟಿ ಫ್ರಾಂಕ್‌ಗಳನ್ನು ಐದು ಕಂತುಗಳಲ್ಲಿ ಕೊಡಬೇಕು, ಜೊತೆಗೆ ಫ್ರೆಂಚ್ ಸರಕಿನ ಮೇಲಿನ ಸುಂಕವನ್ನು ಅರ್ಧಕ್ಕೆ ಇಳಿಸಬೇಕು. ಅಂದರೆ, ಬಿಡುಗಡೆ ಪಡೆದ ಜನ ತಮ್ಮನ್ನು ಹಿಡಿದಿಟ್ಟಿದ್ದವರಿಗೆ ತಮ್ಮದೇ ಬೆಲೆಯನ್ನು ತೆರಬೇಕು. ಮೊದಲ ಕಂತಿಗೇ ಹಣವಿರಲಿಲ್ಲ. ಅದಕ್ಕಾಗಿ ಪ್ಯಾರಿಸ್ಸಿನಲ್ಲಿ ಮೂರು ಕೋಟಿ ಫ್ರಾಂಕ್ ಸಾಲ ಎತ್ತಿದಾಗ ಬ್ಯಾಂಕಿನವರು ಅರುವತ್ತು ಲಕ್ಷವನ್ನು ಮೊದಲೇ ಮುರಿದುಕೊಂಡರು. 1838ರಲ್ಲಿ ಮೊತ್ತವನ್ನು ಒಂಬತ್ತು ಕೋಟಿಗೆ ಇಳಿಸಿದರೂ, ಪರಿಹಾರ ಮತ್ತು ಅದಕ್ಕಾಗಿ ಮಾಡಿದ ಸಾಲಗಳ ಬಾಲ 1947ರವರೆಗೆ ಬೆಳೆಯಿತು. ಈ ಹಣ ಬಂದದ್ದು ಬಹುಮಟ್ಟಿಗೆ ರೈತರು ಬೆಳೆದ ಕಾಫಿಯ ಮೇಲಿನ ರಫ್ತು ಸುಂಕದಿಂದ. ಬೆಟ್ಟದ ಹಳ್ಳಿಗೆ ರಸ್ತೆ, ಶಾಲೆ ತಲುಪುವ ಮೊದಲು ಸರ್ಕಾರದ ಸುಂಕ ತಲುಪಿತು.

2003ರಲ್ಲಿ ಅಧ್ಯಕ್ಷ ಜಾನ್-ಬೆರ್ತ್ರಾಂ ಅರಿಸ್ತೀದ್ ಈ ಹಣವನ್ನು ಮರಳಿಸಬೇಕೆಂದು ಫ್ರಾನ್ಸನ್ನು ಬಹಿರಂಗವಾಗಿ ಕೇಳಿದರು. ಆಜ್ಞೆಗೆ ಇನ್ನೂರು ವರ್ಷ ತುಂಬಿದ 2025ರ ಏಪ್ರಿಲ್ 17ರಂದು ಫ್ರಾನ್ಸಿನ ಅಧ್ಯಕ್ಷ ಮ್ಯಾಕ್ರನ್ ಎರಡೂ ದೇಶಗಳ ಇತಿಹಾಸಕಾರರ ಜಂಟಿ ಆಯೋಗವನ್ನು ಘೋಷಿಸಿದರು. ಹಣ ಮರಳಿಸುವ ಮಾತನ್ನು ಅವರು ಆಡಲಿಲ್ಲ.

ಅಮೆರಿಕದ ಪಾತ್ರವೇನು?

1914ರ ಡಿಸೆಂಬರ್‌ನಲ್ಲಿ ಅಮೆರಿಕದ ನೌಕಾ ಸೈನಿಕರು ಹೈಟಿಯ ರಾಷ್ಟ್ರೀಯ ಬ್ಯಾಂಕಿನಿಂದ ಐದು ಲಕ್ಷ ಡಾಲರ್ ಮೌಲ್ಯದ ಚಿನ್ನವನ್ನು ಹಡಗಿಗೇರಿಸಿ ನ್ಯೂಯಾರ್ಕಿಗೆ ಒಯ್ದರು. ಮರುವರ್ಷ ಅಧ್ಯಕ್ಷರೊಬ್ಬರ ಹತ್ಯೆಯಾದಾಗ ಅದನ್ನೇ ಕಾರಣವಾಗಿಟ್ಟು ಸೈನ್ಯ ಇಳಿಸಿದ ಅಮೆರಿಕ, 1934ರವರೆಗೆ ದೇಶವನ್ನು ತನ್ನ ಹಿಡಿತದಲ್ಲಿಟ್ಟುಕೊಂಡಿತು. ಆ ಕಾಲದಲ್ಲಿ ರಸ್ತೆ, ಸೇತುವೆ ಕಟ್ಟಿದ್ದು ನಿಜ. ಆದರೆ ಅವುಗಳಲ್ಲಿ ಅನೇಕವನ್ನು ಹಳ್ಳಿಗರನ್ನು ಬಿಟ್ಟಿದುಡಿಮೆಗೆ ಎಳೆದು ತಂದು ಕಟ್ಟಿಸಲಾಯಿತು. 1918ರ ಸಂವಿಧಾನ ವಿದೇಶಿಯರಿಗೆ ನೆಲ ಕೊಳ್ಳುವ ಹಕ್ಕು ಕೊಟ್ಟಿತು. ಈ ಹಿಡಿತಕ್ಕೆ ಎದುರು ನಿಂತ ಬಂಡಾಯ ನಾಯಕ ಶಾರ್ಲ್‌ಮಾನ್ ಪೆರಾಲ್ತ್ ಅವರನ್ನು 1919ರಲ್ಲಿ ಕೊಂದರು. ಅಧಿಕಾರವೆಲ್ಲ ಪೋರ್ಟ್-ಔ-ಪ್ರಿನ್ಸ್‌ನಲ್ಲಿ ಕೇಂದ್ರೀಕೃತವಾದದ್ದೂ, ದೇಶದೊಳಗಿನ ಜನರ ಮೇಲಷ್ಟೇ ಪ್ರಯೋಗಿಸಲು ತಯಾರಾದ ಸೈನ್ಯ ಹುಟ್ಟಿಕೊಂಡದ್ದೂ ಆಗಲೇ.

ಡುವಾಲಿಯೆ ಆಡಳಿತದ ನೆರಳು ಇನ್ನೂ ಇದೆಯೇ?

ಇದೆ. 1957ರಿಂದ ಫ್ರಾನ್ಸ್ವಾ ಡುವಾಲಿಯೆ, 1971ರಿಂದ ಅವರ ಹತ್ತೊಂಬತ್ತರ ಹರೆಯದ ಮಗ ಜಾನ್-ಕ್ಲೋದ್, ಹೀಗೆ 1986ರ ಫೆಬ್ರವರಿ 7ರವರೆಗೆ ಇಪ್ಪತ್ತೊಂಬತ್ತು ವರ್ಷ ಒಂದೇ ಮನೆತನ ಆಳಿತು. ‘ತೋಂತೋಂ ಮಕೂಟ್’ ಎಂಬ ಖಾಸಗಿ ದಂಡು ಸಂಬಳವಿಲ್ಲದೆ, ಜನರನ್ನು ಸುಲಿದೇ ಬದುಕುತ್ತಿತ್ತು. ವೈದ್ಯರು, ಶಿಕ್ಷಕರು, ಎಂಜಿನಿಯರುಗಳು ಗುಂಪುಗುಂಪಾಗಿ ದೇಶ ಬಿಟ್ಟರು. ಪೊಲೀಸರಿಗಿಂತ ಹತ್ತಿರದಲ್ಲಿರುವ, ಕಾನೂನಿನ ಅಂಕೆಯಿಲ್ಲದ ಆಯುಧಧಾರಿ ನೆರೆಯವನಿಗೆ ತಲೆಬಾಗಿ ಬದುಕುವ ಪಾಡು ಹೈಟಿಯ ಬಡವರಿಗೆ ಬಂದದ್ದು 2024ರಲ್ಲಲ್ಲ.

2010ರ ಭೂಕಂಪದ ನಂತರ ಹರಿದು ಬಂದ ನೆರವು ಏನಾಯಿತು?

2010ರ ಜನವರಿ 12ರ ಸಂಜೆ 7.0 ತೀವ್ರತೆಯ ಭೂಕಂಪ ರಾಜಧಾನಿಯ ಸಮೀಪದಲ್ಲೇ ಸಂಭವಿಸಿತು. ಸತ್ತವರ ಸಂಖ್ಯೆಯ ಬಗ್ಗೆ ಇಂದಿಗೂ ಒಮ್ಮತವಿಲ್ಲ. ಅಂದಾಜುಗಳು ಒಂದು ಲಕ್ಷದಿಂದ ಮೂರು ಲಕ್ಷದವರೆಗೆ ಹರಡಿಕೊಂಡಿವೆ. ಹದಿನೈದು ಲಕ್ಷ ಜನ ಮನೆ ಕಳೆದುಕೊಂಡರು. ರಾಷ್ಟ್ರಾಧ್ಯಕ್ಷರ ಅರಮನೆ, ಸಂಸತ್ತು, ಬಹುಪಾಲು ಸಚಿವಾಲಯಗಳು ಕುಸಿದವು. ಮರುತಿಂಗಳೇ ಚಿಲಿಯಲ್ಲಿ 8.8 ತೀವ್ರತೆಯ, ಇದಕ್ಕಿಂತ ಎಷ್ಟೋ ಪಟ್ಟು ಶಕ್ತಿಯುತವಾದ ಭೂಕಂಪವಾದಾಗ ಸತ್ತವರು ಐನೂರರ ಆಸುಪಾಸು. ಭೂಮಿ ನಡುಗಿದ ಆಳ ಮತ್ತು ದೂರದ ವ್ಯತ್ಯಾಸವನ್ನು ಕಳೆದರೂ ಉಳಿಯುವ ಅಂತರಕ್ಕೆ ಕಾರಣ ಕಟ್ಟಡ ನಿಯಮಗಳು, ಅವನ್ನು ಜಾರಿಗೆ ತರಬಲ್ಲ ಸರ್ಕಾರ, ಗಟ್ಟಿ ಮನೆ ಕಟ್ಟಿಕೊಳ್ಳಬಲ್ಲ ಆದಾಯ.

ಜಗತ್ತು ನೂರಾರು ಕೋಟಿ ಡಾಲರ್ ನೆರವು ಘೋಷಿಸಿತು. ಅದರಲ್ಲಿ ಹೈಟಿಯ ಸರ್ಕಾರದ ಕೈಗಾಗಲಿ, ಹೈಟಿಯ ಸಂಸ್ಥೆಗಳ ಕೈಗಾಗಲಿ ಬಂದದ್ದು ಅತ್ಯಲ್ಪ. ಹಣ ಬಹುತೇಕ ದಾನಿ ದೇಶಗಳ ಸೈನ್ಯ, ಅವುಗಳದೇ ಗುತ್ತಿಗೆದಾರರು ಮತ್ತು ಅಂತರರಾಷ್ಟ್ರೀಯ ಸಂಸ್ಥೆಗಳ ಮೂಲಕ ಹರಿಯಿತು. ಸರ್ಕಾರ ಭ್ರಷ್ಟ, ಹಾಗಾಗಿ ಅದಕ್ಕೆ ಕೊಡಲಾಗದು ಎಂಬ ವಾದದಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಆಸ್ಪತ್ರೆ, ಶಾಲೆ, ನೀರು ಎಲ್ಲವನ್ನೂ ಹೊರಗಿನ ಸಂಸ್ಥೆಗಳೇ ನಡೆಸಿದಾಗ, ಸರ್ಕಾರ ಕೆಲಸ ಕಲಿಯುವ ಅವಕಾಶವೂ ಜನ ಸರ್ಕಾರವನ್ನು ದಬಾಯಿಸಿ ಕೇಳುವ ಅವಕಾಶವೂ ಒಟ್ಟಿಗೇ ಹೋಗುತ್ತವೆ. ಸಂಸ್ಥೆಯ ಯೋಜನೆ ಮುಗಿದ ದಿನ ಬೋರ್ಡು ಮಾತ್ರ ಉಳಿಯುತ್ತದೆ.

ಕಾಲರಾ ಹೇಗೆ ಬಂತು?

ಭೂಕಂಪವಾದ ಒಂಬತ್ತೇ ತಿಂಗಳಿಗೆ, ಒಂದು ಶತಮಾನದಿಂದ ಹೈಟಿ ಕಾಣದಿದ್ದ ಕಾಲರಾ ಕಾಣಿಸಿಕೊಂಡಿತು. ನೇಪಾಳದಿಂದ ಬಂದ ವಿಶ್ವಸಂಸ್ಥೆಯ ಶಾಂತಿಪಾಲನಾ ತುಕಡಿಯ ಶಿಬಿರದ ಮಲಿನ ನೀರು ಮಿರಬಲೆ ಸಮೀಪದ ಹೊಳೆಗೆ ಸೇರಿ, ಅಲ್ಲಿಂದ ಅರ್ತಿಬೋನಿತ್ ನದಿಗೆ ಇಳಿದಿತ್ತು. ಜನ ಕುಡಿಯುವುದೂ, ಬಟ್ಟೆ ಒಗೆಯುವುದೂ, ಗದ್ದೆಗೆ ಹಾಯಿಸುವುದೂ ಆ ನದಿಯ ನೀರನ್ನೇ. ಎಂಟು ಲಕ್ಷಕ್ಕೂ ಹೆಚ್ಚು ಜನರಿಗೆ ರೋಗ ತಗುಲಿ, ಸುಮಾರು ಹತ್ತು ಸಾವಿರ ಮಂದಿ ಸತ್ತರು. ವಿಶ್ವಸಂಸ್ಥೆ ವರ್ಷಗಟ್ಟಲೆ ಹೊಣೆಯನ್ನು ಒಪ್ಪಲಿಲ್ಲ. ಕಾನೂನಿನ ರಕ್ಷಣೆಯ ಹಿಂದೆ ನಿಂತಿತು. 2016ರ ಡಿಸೆಂಬರ್‌ನಲ್ಲಿ ಅದರ ಆಗಿನ ಮಹಾಕಾರ್ಯದರ್ಶಿ ಬಾನ್ ಕಿ-ಮೂನ್ ಕ್ಷಮೆ ಕೇಳಿದರು. ಮನೆಯವರನ್ನು ಕಳೆದುಕೊಂಡ ಕುಟುಂಬಗಳಿಗೆ ನ್ಯಾಯಯುತ ಪರಿಹಾರ ಸಿಗಲಿಲ್ಲ. ಹೊರಗಿನ ಪಡೆಗಳೆಂದರೆ ಹೈಟಿಯ ಜನ ಅನುಮಾನಪಡುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಕೃಷಿ ಪ್ರಧಾನ ದೇಶದಲ್ಲಿ ಹಸಿವು ಏಕೆ?

ಅಕ್ಕಿ ಹೈಟಿಯ ಜನರ ನಿತ್ಯದ ಊಟ. ಕಾಳು ಹಾಕಿ ಬೇಯಿಸಿದ ಅನ್ನ ಅಲ್ಲಿನ ಮನೆಮನೆಯ ಅಡುಗೆ. 1980ರ ದಶಕದ ಮೊದಲ ಭಾಗದವರೆಗೂ ದೇಶ ತನಗೆ ಬೇಕಾದ ಅಕ್ಕಿಯ ಬಹುಪಾಲನ್ನು ಅರ್ತಿಬೋನಿತ್ ಕಣಿವೆಯ ಗದ್ದೆಗಳಲ್ಲಿ ತಾನೇ ಬೆಳೆಯುತ್ತಿತ್ತು. 1986ರ ನಂತರ ಮಾರುಕಟ್ಟೆಯನ್ನು ತೆರೆಯುವಂತೆ ಸಾಲ ಕೊಡುವ ಸಂಸ್ಥೆಗಳು ಒತ್ತಾಯಿಸಿದವು. 1995ರಲ್ಲಿ ಅಕ್ಕಿಯ ಆಮದು ಸುಂಕವನ್ನು ಶೇ 3ಕ್ಕೆ ಇಳಿಸಲಾಯಿತು. ಅಮೆರಿಕ ತನ್ನ ರೈತರಿಗೆ ಸಬ್ಸಿಡಿ ಕೊಟ್ಟು ಬೆಳೆಸಿದ ಅಕ್ಕಿ ಬಂದಿಳಿಯಿತು. ಪೇಟೆಯಲ್ಲಿ ಅದನ್ನು ಇಂದಿಗೂ ‘ಮಿಯಾಮಿ ಅಕ್ಕಿ’ ಎಂದೇ ಕರೆಯುತ್ತಾರೆ. ಅದರ ಬೆಲೆಯ ಮುಂದೆ ಸ್ಥಳೀಯ ಅಕ್ಕಿ ನಿಲ್ಲಲಿಲ್ಲ. ಕಾಲುವೆಗಳು ಹೂಳು ತುಂಬಿದವು, ರೈತರ ಮಕ್ಕಳು ಗದ್ದೆ ಬಿಟ್ಟು ರಾಜಧಾನಿಯ ಸಿತೆ ಸೊಲೆಯಂತಹ ಬಡಾವಣೆಗಳಿಗೆ ಬಂದರು. ಈಗ ಅಕ್ಕಿಯ ಐದರಲ್ಲಿ ನಾಲ್ಕು ಪಾಲು ಹೊರಗಿನದು. ಅಮೆರಿಕದ ಅಧ್ಯಕ್ಷರಾಗಿದ್ದಾಗ ಈ ನೀತಿಯನ್ನು ಬೆಂಬಲಿಸಿದ್ದ ಬಿಲ್ ಕ್ಲಿಂಟನ್, ಅದು ತಮ್ಮ ರಾಜ್ಯ ಅರ್ಕನ್ಸಾದ ಕೆಲವು ರೈತರಿಗೆ ಒಳ್ಳೆಯದಾಗಿರಬಹುದು, ಆದರೆ ತಪ್ಪು ಎಂದು 2010ರ ಮಾರ್ಚ್‌ನಲ್ಲಿ ಸೆನೆಟ್ ಸಮಿತಿಯ ಮುಂದೆ ಒಪ್ಪಿಕೊಂಡರು.

ಹಂದಿಗಳ ಕಥೆಯೂ ಇದರ ಜೊತೆಗೇ ಬರುತ್ತದೆ. ಹೈಟಿಯ ಸಣ್ಣ ರೈತನಿಗೆ ಮನೆಯ ಕಪ್ಪು ಹಂದಿಯೇ ಉಳಿತಾಯ. ಮಕ್ಕಳ ಶಾಲೆಯ ಶುಲ್ಕಕ್ಕೆ, ಮದುವೆಗೆ, ಔಷಧಿಗೆ ಅದನ್ನು ಮಾರಿ ಹಣ ಹೊಂದಿಸುತ್ತಿದ್ದ. ಆಫ್ರಿಕನ್ ಹಂದಿಜ್ವರ ಅಮೆರಿಕಕ್ಕೆ ಹಬ್ಬಬಾರದೆಂದು 1980ರ ದಶಕದ ಆರಂಭದಲ್ಲಿ ದೇಶದ ಹಂದಿಗಳನ್ನೆಲ್ಲ ಕೊಲ್ಲಿಸಲಾಯಿತು. ಬದಲಿಗೆ ಕೊಟ್ಟ ಅಮೆರಿಕದ ತಳಿಗೆ ಕೊಂಡು ತರುವ ಮೇವು, ನೆರಳು, ಸಿಮೆಂಟಿನ ನೆಲ ಬೇಕಾಗಿದ್ದವು. ರೈತರ ಮನೆಗೇ ಅವು ಇರಲಿಲ್ಲ.

ಕಾಡು ಕಡಿದದ್ದೇ ಎಲ್ಲ ಅನಾಹುತಗಳಿಗೆ ಕಾರಣವೇ?

ಒಂದು ಕಾರಣ, ಆದರೆ ಅದೊಂದೇ ಅಲ್ಲ. ಅಡುಗೆಗೆ ಇದ್ದಿಲೇ ಮುಖ್ಯ ಇಂಧನವಾದ್ದರಿಂದ ಇಳಿಜಾರುಗಳ ಮರ ಕಡಿದು, ಮಳೆಗೆ ಮಣ್ಣು ಕೊಚ್ಚಿಹೋಗುತ್ತದೆ. ಇನ್ನು ಚಂಡಮಾರುತದ ದಾರಿಯಲ್ಲೇ ದೇಶವಿದೆ. 2016ರ ಮ್ಯಾಥ್ಯೂ ದಕ್ಷಿಣದ ಜಿಲ್ಲೆಗಳನ್ನು ನೆಲಸಮ ಮಾಡಿತು. 2025ರ ಅಕ್ಟೋಬರ್‌ನಲ್ಲಿ ಮೆಲಿಸಾ ನೇರವಾಗಿ ಬಡಿಯದಿದ್ದರೂ ಅದರ ಮಳೆಗೆ ಪೆತಿ-ಗ್ವಾವ್‌ನಲ್ಲಿ ನದಿ ಉಕ್ಕಿ ಹಲವರು ಕೊಚ್ಚಿಹೋದರು. ಮರ ಕಡಿಯುವ ರೈತನನ್ನು ದೂರುವ ಮೊದಲು, ಗ್ಯಾಸ್ ಸಿಲಿಂಡರ್ ಅವನ ಮನೆಗೆ ಎಂದೂ ಬರಲಿಲ್ಲ ಎಂಬುದನ್ನು ನೆನೆಯಬೇಕು.

ಸರ್ಕಾರವೇ ಇಲ್ಲದಂತಿರುವಾಗ ಜನ ಹೇಗೆ ಬದುಕುತ್ತಿದ್ದಾರೆ?

ದೇಶದ ಅನ್ನ ನಿಂತಿರುವುದು ‘ಮದಾಂ ಸಾರಾ’ ಎಂದು ಕರೆಯುವ ವ್ಯಾಪಾರಿ ಹೆಂಗಸರ ಮೇಲೆ. ಅವರು ಹಳ್ಳಿಗಳಿಗೆ ಹೋಗಿ ರೈತರಿಂದ ಬಾಳೆ, ಗೆಣಸು, ಮಾವು, ತರಕಾರಿ ಕೊಂಡು, ಲಾರಿಯ ಮೇಲೆ ಮೂಟೆಗಳ ನಡುವೆಯೇ ಕುಳಿತು ರಾಜಧಾನಿಯ ಪೇಟೆಗೆ ಬರುತ್ತಾರೆ. ಕೈಯಲ್ಲಿರುವ ಬಂಡವಾಳ ಅದೊಂದು ಲೋಡಿನದು ಮಾತ್ರ. 2021ರ ಜೂನ್‌ನಿಂದ ರಾಜಧಾನಿಯ ದಕ್ಷಿಣದ ಬಾಗಿಲಾದ ಮಾರ್ತಿಸಾಂ ರಸ್ತೆ ಗ್ಯಾಂಗ್‌ಗಳ ಕೈಯಲ್ಲಿದೆ. ದಕ್ಷಿಣದ ಜಿಲ್ಲೆಗಳಿಗೆಲ್ಲ ಅದೇ ಹೆದ್ದಾರಿ. ಅಡ್ಡಗಟ್ಟೆಯ ಬಳಿ ಲಾರಿ ನಿಲ್ಲುತ್ತದೆ, ಕೇಳಿದಷ್ಟು ಕೊಡಬೇಕು. ಮುಂದಿನ ಅಡ್ಡಗಟ್ಟೆಯಲ್ಲಿ ಇನ್ನೊಂದು ಗುಂಪಿಗೆ ಮತ್ತೆ ಕೊಡಬೇಕು. ಹಣವಿಲ್ಲವೆಂದರೆ ಸರಕು ಹೋಗುತ್ತದೆ, ಕೆಲವೊಮ್ಮೆ ಜೀವವೂ, ಹೆಂಗಸರ ಮಟ್ಟಿಗೆ ಅತ್ಯಾಚಾರದ ಭಯವೂ ಇದೆ. ಈ ಸುಲಿಗೆಯೆಲ್ಲ ಪೇಟೆಯಲ್ಲಿ ಬಾಳೆಗೊನೆಯ ಬೆಲೆಯ ಮೇಲೆ ಬೀಳುತ್ತದೆ. ಅತ್ತ ಹಳ್ಳಿಯಲ್ಲಿ ಲಾರಿ ಬಾರದೆ ಮಾವು ಮರದ ಕೆಳಗೇ ಕೊಳೆಯುತ್ತದೆ. ಹಸಿವಿನ ಅಂಕಿಅಂಶದ ಹಿಂದಿರುವುದು ಬೆಳೆಯ ಕೊರತೆಯಷ್ಟೇ ಅಲ್ಲ, ಈ ಮುಚ್ಚಿದ ರಸ್ತೆಯೂ ಹೌದು.

ಹಳ್ಳಿಗಳಲ್ಲಿ ಉಳುಮೆ, ಕೊಯ್ಲಿಗೆ ನೆರೆಯವರೆಲ್ಲ ಸೇರಿ ಒಬ್ಬರ ಹೊಲದಿಂದ ಇನ್ನೊಬ್ಬರ ಹೊಲಕ್ಕೆ ಹೋಗಿ ದುಡಿಯುವ ‘ಕೊಂಬಿತ್’ ಪದ್ಧತಿ ಇದೆ, ನಮ್ಮಲ್ಲಿನ ಮುಯ್ಯಾಳಿನ ಹಾಗೆ. ಪೇಟೆಯ ಹೆಂಗಸರು ‘ಸೋಲ್’ ಎಂಬ ಚೀಟಿ ಕಟ್ಟಿ ಬಂಡವಾಳ ಹೊಂದಿಸುತ್ತಾರೆ. ಬಡಾವಣೆಗಳಲ್ಲಿ ನಾಗರಿಕರೇ ಕಾವಲು ಪಡೆ ಕಟ್ಟಿಕೊಂಡಿದ್ದಾರೆ. 2023ರ ಏಪ್ರಿಲ್‌ನಲ್ಲಿ ಶುರುವಾದ ‘ಬ್ವಾ ಕಾಲೆ’ ಚಳವಳಿಯಲ್ಲಿ ಗ್ಯಾಂಗ್ ಸದಸ್ಯರೆಂದು ಶಂಕಿಸಿದವರನ್ನು ಗುಂಪುಗಳು ಬೀದಿಯಲ್ಲೇ ಕೊಂದವು. ಬೇಸತ್ತ ಜನರ ಸಿಟ್ಟು ಅರ್ಥವಾಗುತ್ತದೆ. ಆದರೆ ವಿಚಾರಣೆಯಿಲ್ಲದ ಕೊಲೆಯನ್ನು ಪರಿಹಾರವೆಂದು ಕರೆಯಲು ಮನಸ್ಸು ಒಪ್ಪುವುದಿಲ್ಲ.

ದೇಶಕ್ಕೆ ಹಣ ಎಲ್ಲಿಂದ ಬರುತ್ತದೆ?

ಮುಖ್ಯವಾಗಿ ಹೊರದೇಶಗಳಲ್ಲಿ ದುಡಿಯುವ ಹೈಟಿಯನ್ನರು ಮನೆಗೆ ಕಳುಹಿಸುವ ಹಣದಿಂದ. ಅದು ವರ್ಷಕ್ಕೆ ಸುಮಾರು 400 ಕೋಟಿ ಡಾಲರ್, ದೇಶದ ಒಟ್ಟು ಉತ್ಪನ್ನದ ಐದನೇ ಒಂದು ಭಾಗದ ಆಸುಪಾಸು. ರಫ್ತಿನಲ್ಲಿ ಹೆಚ್ಚಿನದು ಸಿದ್ಧ ಉಡುಪು. ಅಮೆರಿಕ 2006 ಮತ್ತು 2010ರಲ್ಲಿ ಮಾಡಿದ ಕಾನೂನುಗಳು ಕೊಟ್ಟ ಸುಂಕ ವಿನಾಯಿತಿಯ ಮೇಲೆ ಆ ಉದ್ಯಮ ಬೆಳೆಯಿತು. ಸರ್ಕಾರದ ಆದಾಯ ಬಂದರು ಮತ್ತು ಗಡಿಯ ಸುಂಕವನ್ನು ನೆಚ್ಚಿಕೊಂಡಿರುವುದರಿಂದ, ಬಂದರಿನ ರಸ್ತೆ ಹಿಡಿದವನ ಕೈಯಲ್ಲಿ ಖಜಾನೆಯೂ ಇರುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ವಾರೆ ಇಂಧನ ಟರ್ಮಿನಲ್ ಅನ್ನು ಗ್ಯಾಂಗ್‌ಗಳು ವಾರಗಟ್ಟಲೆ ಮುತ್ತಿದಾಗ ಆಸ್ಪತ್ರೆಗಳ ಜನರೇಟರ್‌ಗಳೂ ನಿಂತವು.

ವೆನೆಜುವೇಲ ‘ಪೆಟ್ರೋಕರೀಬೆ’ ಯೋಜನೆಯಡಿ ಅಗ್ಗದ ಸಾಲದಲ್ಲಿ ತೈಲ ಕೊಟ್ಟಾಗ ಉಳಿದ ಸುಮಾರು 200 ಕೋಟಿ ಡಾಲರ್ ಅಭಿವೃದ್ಧಿಗೆ ಹೋಗಬೇಕಾಗಿತ್ತು. ‘ಪೆಟ್ರೋಕರೀಬೆ ಹಣ ಎಲ್ಲಿ?’ ಎಂದು 2018ರಲ್ಲಿ ಯುವಜನ ಬೀದಿಗಿಳಿದರು. 2019ರಲ್ಲಿ ಲೆಕ್ಕಪರಿಶೋಧನಾ ನ್ಯಾಯಾಲಯದ ವರದಿಗಳು ಭಾರೀ ಅವ್ಯವಹಾರವನ್ನು ಬಯಲಿಗಿಟ್ಟವು. ದೊಡ್ಡವರು ಯಾರಿಗೂ ಶಿಕ್ಷೆಯಾಗಲಿಲ್ಲ. ಇಂದಿನ ಕುಸಿತವನ್ನು ತಿಳಿಯಲು ನಾನು ಗ್ಯಾಂಗ್‌ಗಳ ಹೆಸರಿಗಿಂತ ಈ ಪ್ರಶ್ನೆಗೆ ಹೆಚ್ಚು ತೂಕ ಕೊಡುತ್ತೇನೆ. ಬಂದೂಕಿಲ್ಲದೆ, ಲೆಕ್ಕ ಕೇಳುತ್ತ ಬಂದ ಪೀಳಿಗೆಗೆ ಉತ್ತರ ಸಿಕ್ಕಿದ್ದರೆ ದೇಶದ ದಾರಿ ಬೇರೆಯಾಗುತ್ತಿತ್ತು.

ಶಿಕ್ಷಣ ಮತ್ತು ಭಾಷೆಯ ಸಮಸ್ಯೆ ಏನು?

ಎಲ್ಲರೂ ಆಡುವ ಮಾತು ಫ್ರೆಂಚ್ ಮತ್ತು ಆಫ್ರಿಕನ್ ಭಾಷೆಗಳು ಬೆರೆತು ಹುಟ್ಟಿದ ಹೈಟಿಯ ಕ್ರಿಯೋಲ್. ಫ್ರೆಂಚ್ ಚೆನ್ನಾಗಿ ಬಲ್ಲವರು ಸಣ್ಣ ಸಂಖ್ಯೆಯವರು. 1987ರ ಸಂವಿಧಾನ ಎರಡನ್ನೂ ಅಧಿಕೃತ ಭಾಷೆಗಳೆಂದು ಸಾರಿದ್ದರೂ ನ್ಯಾಯಾಲಯ, ಕಡತ, ಪರೀಕ್ಷೆಗಳಲ್ಲಿ ಫ್ರೆಂಚಿನ ಮೇಲುಗೈ ಉಳಿದಿದೆ. ಮನೆಯಲ್ಲಿ ಕೇಳದ ಭಾಷೆಯಲ್ಲಿ ಪಾಠ ಉರುಹೊಡೆಯುವ ಮಗು ಬೇಗ ಹಿಂದೆ ಬೀಳುತ್ತದೆ. ಶಾಲೆಗಳಲ್ಲಿ ಬಹುಪಾಲು ಖಾಸಗಿ ಅಥವಾ ಚರ್ಚಿನವು, ಹಾಗಾಗಿ ಬಡವನೂ ಶುಲ್ಕ ಕೊಡಬೇಕು. ಸಾಕಲಾರದ ತಂದೆತಾಯಿ ಮಗುವನ್ನು ಪಟ್ಟಣದ ಮನೆಯಲ್ಲಿ ಬಿಟ್ಟು, ಅಲ್ಲಿ ಅದು ಓದಿನ ಬದಲು ಮನೆಗೆಲಸದ ಆಳಾಗುವ ‘ರೆಸ್ತಾವೆಕ್’ ಪದ್ಧತಿ ಇನ್ನೂ ಬದುಕಿದೆ.

ಹೈಟಿಗೆ ‘ವೂಡೂ ಶಾಪ’ ತಟ್ಟಿದೆ ಎನ್ನುತ್ತಾರಲ್ಲ?

ಈ ಮಾತು ಸುಳ್ಳು, ಜೊತೆಗೆ ಕ್ರೂರ. ವೂಡೂ ಪಶ್ಚಿಮ ಆಫ್ರಿಕಾದಿಂದ ಬಂದ ಜನ ಕಟ್ಟಿಕೊಂಡ ಧರ್ಮ. 2003ರಲ್ಲಿ ಸರ್ಕಾರ ಅದಕ್ಕೆ ಅಧಿಕೃತ ಮಾನ್ಯತೆ ಕೊಟ್ಟಿತು. 1791ರ ದಂಗೆಗೆ ಮುನ್ನ ಬ್ವಾ ಕಾಯಿಮಾಂ ಎಂಬಲ್ಲಿ ನಡೆದ ಪೂಜೆಯನ್ನು ಹೈಟಿಯ ಜನ ತಮ್ಮ ಬಿಡುಗಡೆಯ ಆರಂಭವೆಂದು ನೆನೆಯುತ್ತಾರೆ. ಶಾಪದ ಕಥೆ ಹೇಳುವವರು 1825ರ ಸಾಲದ ಲೆಕ್ಕವನ್ನು ಒಮ್ಮೆ ನೋಡಲಿ.

ನೆರೆಯ ಡೊಮಿನಿಕನ್ ಗಣರಾಜ್ಯದೊಂದಿಗೆ ಸಂಬಂಧ ಹೇಗಿದೆ?

ಬಹಳ ಹದಗೆಟ್ಟಿದೆ. 1937ರಲ್ಲಿ ಅಲ್ಲಿನ ಸರ್ವಾಧಿಕಾರಿ ತ್ರುಹಿಯೊ ಆಜ್ಞೆಯಂತೆ ಗಡಿಪ್ರದೇಶದಲ್ಲಿ ಸಾವಿರಾರು ಹೈಟಿಯನ್ನರನ್ನು ಕೊಲ್ಲಲಾಯಿತು. 2013ರಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯದ ತೀರ್ಪೊಂದು ಅಲ್ಲಿಯೇ ಹುಟ್ಟಿ ಬೆಳೆದ ಹೈಟಿ ಮೂಲದ ಅನೇಕರ ಪೌರತ್ವವನ್ನು ಕಿತ್ತುಕೊಂಡಿತು. 2024ರ ಅಕ್ಟೋಬರ್‌ನಲ್ಲಿ ವಾರಕ್ಕೆ ಹತ್ತು ಸಾವಿರ ಜನರನ್ನು ಗಡಿಪಾರು ಮಾಡುವ ಗುರಿಯನ್ನು ಸರ್ಕಾರ ಸಾರಿತು. ಕಬ್ಬಿನ ಗದ್ದೆಯಲ್ಲೂ ಕಟ್ಟಡ ಕೆಲಸದಲ್ಲೂ ಹೈಟಿಯ ಕೂಲಿಯವರೇ ಬೇಕು, ಆದರೆ ಅವರಿಗೆ ಕಾಗದಪತ್ರ ಕೊಡಲು ಮನಸ್ಸಿಲ್ಲ. ಭೂಕಂಪದ ನಂತರ ತನ್ನಲ್ಲಿದ್ದ ಹೈಟಿಯನ್ನರಿಗೆ ಗಡಿಪಾರಿನಿಂದ ಕೊಟ್ಟಿದ್ದ ತಾತ್ಕಾಲಿಕ ರಕ್ಷಣೆಯನ್ನು ಅಮೆರಿಕವೂ 2025ರಲ್ಲಿ ರದ್ದುಮಾಡಲು ಹೊರಟಿತು. ಮರಳಿಸುವುದಾದರೂ ಎಲ್ಲಿಗೆ ಎಂಬ ಪ್ರಶ್ನೆಗೆ ಎರಡೂ ದೇಶಗಳ ಬಳಿ ಉತ್ತರವಿಲ್ಲ.

ಭಾರತಕ್ಕೂ ಹೈಟಿಗೂ ಏನಾದರೂ ನಂಟಿದೆಯೇ?

2004ರಿಂದ 2017ರವರೆಗೆ ನಡೆದ ವಿಶ್ವಸಂಸ್ಥೆಯ ಶಾಂತಿಪಾಲನಾ ಕಾರ್ಯದಲ್ಲಿ ಭಾರತದ ಪೊಲೀಸ್ ತುಕಡಿಗಳು ಅಲ್ಲಿ ಸೇವೆ ಸಲ್ಲಿಸಿದ್ದವು. 2024ರ ಮಾರ್ಚ್‌ನಲ್ಲಿ ಗಲಭೆ ಹೆಚ್ಚಿದಾಗ ‘ಆಪರೇಷನ್ ಇಂದ್ರಾವತಿ’ ಹೆಸರಿನಲ್ಲಿ ಮೊದಲ ಹನ್ನೆರಡು ಭಾರತೀಯರನ್ನು ಡೊಮಿನಿಕನ್ ಗಣರಾಜ್ಯಕ್ಕೆ ಕರೆತರಲಾಯಿತು. ಹೈಟಿಯಲ್ಲಿ ನಮ್ಮ ರಾಯಭಾರ ಕಚೇರಿ ಇಲ್ಲ.

ವಿದೇಶಿ ಪಡೆ ಬಂದರೆ ಪರಿಸ್ಥಿತಿ ಸುಧಾರಿಸುವುದೇ?

ಭದ್ರತಾ ಮಂಡಳಿ 2023ರ ಅಕ್ಟೋಬರ್‌ನಲ್ಲಿ ಕೆನ್ಯಾ ನೇತೃತ್ವದ ಬಹುರಾಷ್ಟ್ರೀಯ ಭದ್ರತಾ ಪಡೆಗೆ ಒಪ್ಪಿಗೆ ಕೊಟ್ಟಿತು. 2024ರ ಜೂನ್‌ನಲ್ಲಿ ಮೊದಲ ಕೆನ್ಯಾ ಪೊಲೀಸರು ಬಂದಿಳಿದರು. 2,500 ಮಂದಿ ಬರಬೇಕಾಗಿದ್ದ ಪಡೆಗೆ ಸಾವಿರದ ಆಸುಪಾಸಿನಷ್ಟು ಮಾತ್ರ ಬಂದರು. ಹಣವೂ ಹೆಲಿಕಾಪ್ಟರ್‌ಗಳೂ ಸಾಲಲಿಲ್ಲ. 2025ರ ಸೆಪ್ಟೆಂಬರ್ 30ರಂದು ಅದರ ಬದಲಿಗೆ 5,500 ಸಿಬ್ಬಂದಿಯವರೆಗಿನ ಗ್ಯಾಂಗ್ ನಿಗ್ರಹ ಪಡೆಗೆ ಮಂಡಳಿ ಅನುಮೋದನೆ ನೀಡಿತು. ರಸ್ತೆಗಳನ್ನು ತೆರೆಯಲು ಹೊರಗಿನ ಬಲ ಬೇಕು ಎಂಬುದನ್ನು ಅಲ್ಲಿನ ಅನೇಕರು ಭಾರವಾದ ಮನಸ್ಸಿನಿಂದ ಒಪ್ಪುತ್ತಾರೆ. ಆದರೆ ಪಡೆ ತೆರೆದ ಬಡಾವಣೆಯಲ್ಲಿ ಮರುದಿನ ಪೊಲೀಸ್ ಠಾಣೆ, ನ್ಯಾಯಾಧೀಶ, ಶಾಲೆ ಬಾಗಿಲು ತೆರೆಯದಿದ್ದರೆ ಗ್ಯಾಂಗ್ ಮರಳಿ ಬರುತ್ತದೆ. 2004ರ ನಂತರದ ಹದಿಮೂರು ವರ್ಷಗಳಲ್ಲಿ ಆದದ್ದು ಅದೇ.

ಹೈಟಿಯಿಂದ ಒಳ್ಳೆಯ ಸುದ್ದಿ ಏನೂ ಇಲ್ಲವೇ?

ಇದೆ. ಉತ್ತರದ ಕಾಪ್-ಆಯ್ಸಿಯಂ ನಗರ ರಾಜಧಾನಿಗಿಂತ ಶಾಂತವಾಗಿದ್ದು, ಅಲ್ಲಿ ವ್ಯಾಪಾರ ನಡೆಯುತ್ತಿದೆ. ರಾಜಧಾನಿಯ ಕ್ರೀಡಾಂಗಣ ಕೈತಪ್ಪಿದ್ದರಿಂದ ‘ತವರಿನ’ ಪಂದ್ಯಗಳನ್ನೂ ಕುರಸಾವ್ ದ್ವೀಪದಲ್ಲಿ ಆಡಿದ ಪುರುಷರ ಫುಟ್‌ಬಾಲ್ ತಂಡ, ವೆರ್ತಿಯೇರ್ ಕದನದ ವಾರ್ಷಿಕ ದಿನವಾದ 2025ರ ನವೆಂಬರ್ 18ರಂದು ನಿಕರಾಗುವಾವನ್ನು ಸೋಲಿಸಿ, 1974ರ ನಂತರ ಮೊದಲ ಬಾರಿಗೆ ವಿಶ್ವಕಪ್‌ಗೆ ಅರ್ಹತೆ ಪಡೆಯಿತು. ಆ ರಾತ್ರಿ ಪೋರ್ಟ್-ಔ-ಪ್ರಿನ್ಸ್‌ನ ಜನ ಬೀದಿಗೆ ಬಂದು ಕುಣಿದರು.

ಮುಂದೆ ಹೈಟಿಯ ಸುದ್ದಿ ಓದುವಾಗ ಯಾವುದನ್ನು ಗಮನಿಸಬೇಕು?

ಎಷ್ಟು ಗ್ಯಾಂಗ್ ನಾಯಕರು ಸತ್ತರು ಎಂಬ ಲೆಕ್ಕಕ್ಕಿಂತ ಮೂರು ಸಂಗತಿಗಳನ್ನು ನೋಡಬೇಕು. ಮಾರ್ತಿಸಾಂ ರಸ್ತೆಯಲ್ಲಿ ಲಾರಿಗಳು ಹಣ ತೆರದೆ ಓಡಾಡುತ್ತಿವೆಯೇ ಎಂಬುದು ಮೊದಲನೆಯದು. ಫ್ಲಾರಿಡಾದಿಂದ ಹೊರಡುವ ಕಂಟೇನರ್‌ಗಳ ತಪಾಸಣೆ ಬಿಗಿಯಾಯಿತೇ, ಪೆಟ್ರೋಕರೀಬೆ ಪ್ರಕರಣದಲ್ಲಿ ಯಾರಾದರೂ ಕಟಕಟೆ ಹತ್ತಿದರೇ ಎಂಬುದು ಎರಡನೆಯದು. ಕೊನೆಯದಾಗಿ, ಚುನಾವಣೆ ಎಂದು ನಡೆದರೂ, ಮನೆ ತೊರೆದು ನಿರಾಶ್ರಿತರಾದ 13 ಲಕ್ಷಕ್ಕೂ ಹೆಚ್ಚು ಜನರ ಹೆಸರು ಮತದಾರರ ಪಟ್ಟಿಯಲ್ಲಿ ಉಳಿದಿದೆಯೇ, ಅವರು ಮತ ಹಾಕಲು ಯಾವ ಊರಿಗೆ ಹೋಗಬೇಕು ಎಂದು ವಿಚಾರಿಸಿ ನೋಡಬೇಕು.